ಒಂದು ಕಚೇರಿ ಒಪ್ಪಿದ್ದನ್ನು ಇನ್ನೊಂದು ಕೆದಕುವುದೇಕೆ?

ಕೈಯಲ್ಲಿ ಐ-797, ಅಂದರೆ ಮಂಜೂರಾತಿ ಪತ್ರ, ಇದೆ. ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್ ಕಾಗದಪತ್ರಗಳನ್ನೆಲ್ಲ ಜಾಲಾಡಿ ಪರಿಣತ ವಿದೇಶಿ ನೌಕರನಿಗಾಗಿ ಕಂಪನಿ ಹಾಕಿದ ಎಚ್-1ಬಿ ಅರ್ಜಿ ಮಂಜೂರು ಮಾಡಿದೆ. ಆದರೂ ಸ್ಟಾಂಪಿಂಗ್‌ಗೆ, ಅಂದರೆ ಪಾಸ್‌ಪೋರ್ಟಿಗೆ ವೀಸಾ ಹಚ್ಚಿಸಿಕೊಳ್ಳಲು ಹೋದರೆ, ವಿದೇಶಾಂಗ ಇಲಾಖೆಯ ಕಾನ್ಸುಲೇಟಿನ ಗಾಜಿನಾಚೆ ನಿಂತ ಅಧಿಕಾರಿ ಎರಡು ನಿಮಿಷ ಮಾತಾಡಿಸಿ, ಸದ್ಯಕ್ಕೆ ವೀಸಾ ಇಲ್ಲ ಎನ್ನುವ 221(ಜಿ) ಚೀಟಿ ಕೊಟ್ಟು ಕಳುಹಿಸಬಹುದು. ಸರ್ಕಾರ ಒಂದೇ, ಕಾನೂನೂ ಒಂದೇ. ಹಾಗಾದರೆ ಮೊದಲ ಮಂಜೂರಾತಿಗೆ ಏನು ಬೆಲೆ?

ಇದರ ಬೇರು ನೂರು ವರ್ಷ ಹಿಂದಿನ ನ್ಯೂಯಾರ್ಕ್ ಬಂದರಿನಲ್ಲಿದೆ. ಆಗ ವಲಸಿಗರ ಮುಖ್ಯ ತಪಾಸಣೆ ಹಡಗು ಇಳಿದ ಮೇಲೆ, ಎಲ್ಲಿಸ್ ದ್ವೀಪದಲ್ಲಿ. 1921ರ ಕಾಯ್ದೆ ದೇಶವಾರು ಕೋಟಾ ತಂದಿತು. ವರ್ಷದ ಕೋಟಾದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಜನ ಒಂದೇ ತಿಂಗಳಲ್ಲಿ ಬರುವಂತಿರಲಿಲ್ಲ. ಹಡಗುಗಳು ತಿಂಗಳ ಕೊನೆಯ ರಾತ್ರಿ ಬಂದರಿನ ಹೊರಗೆ ಕಾದು, ಹನ್ನೆರಡು ಹೊಡೆದದ್ದೇ ತಡ ಪೈಪೋಟಿಯಲ್ಲಿ ಒಳನುಗ್ಗುತ್ತಿದ್ದವು. ತಡವಾಗಿ ತಲುಪಿದವರು ಮನೆಮಠ ಮಾರಿ ಬಂದಿದ್ದರೂ ಬಂದ ದಾರಿಗೆ ಸುಂಕವಿಲ್ಲ ಎಂದು ಮರಳಬೇಕಾಗಬಹುದಿತ್ತು. 1924ರ ಕಾಯ್ದೆ ಇದಕ್ಕೆ ಮದ್ದು ಕಂಡುಕೊಂಡಿತು: ಹಡಗು ಹತ್ತುವ ಮೊದಲೇ ಕಾನ್ಸುಲ್‌ ಕೈಯಿಂದ ವೀಸಾ. ಆದರೆ ಬಂದರಿನ ತಪಾಸಣೆಯನ್ನೂ ಬಿಡಲಿಲ್ಲ. ಬಾಗಿಲು ಎರಡಾಯಿತು.

ಅಮೆರಿಕದೊಳಗೇ ಇದ್ದವರಿಗೂ ಈ ಕಾಟ ತಪ್ಪಿರಲಿಲ್ಲ. 1930ರ ದಶಕದಲ್ಲಿ ಕಾಯಂ ವಾಸ ಬಯಸಿದವರನ್ನು ಅಲ್ಲಿಯೇ ಪರಿಶೀಲಿಸಿ, ವೀಸಾಕ್ಕಾಗಿ ಕೆನಡಾದಲ್ಲಿದ್ದ ಅಮೆರಿಕದ ಕಾನ್ಸುಲ್ ಬಳಿ ಕಳುಹಿಸಿ, ಮತ್ತೆ ಒಳಗೆ ಬಿಡುವ ವಿಚಿತ್ರ ಪದ್ಧತಿ ಇತ್ತು. 1952ರ ಕಾಯ್ದೆ ಆ ಸುತ್ತಾಟ ತಪ್ಪಿಸಿತು. ಅದೇ ಕಾಯ್ದೆ ಇನ್ನೊಂದು ಗಂಟನ್ನೂ ಹಾಕಿತು: ವೀಸಾ ಕೊಡುವ, ನಿರಾಕರಿಸುವ ಅಧಿಕಾರ ಕಾನ್ಸುಲರ್ ಅಧಿಕಾರಿಯದ್ದೇ, ವಿದೇಶಾಂಗ ಸಚಿವರದ್ದಲ್ಲ. 2003ರಲ್ಲಿ ಹಳೆಯ ವಲಸೆ ಸಂಸ್ಥೆ ಐಎನ್ಎಸ್ ಒಡೆದು ಯುಎಸ್‌ಸಿಐಎಸ್ ಹುಟ್ಟಿದಾಗಲೂ ಈ ಗಂಟು ಬಿಚ್ಚಲಿಲ್ಲ.

ಕೆಲಸದ ರೀತಿಯೂ ಬೇರೆ. ಯುಎಸ್‌ಸಿಐಎಸ್ ಹೆಚ್ಚಾಗಿ ಕಾಗದ ನೋಡುತ್ತದೆ: ಹುದ್ದೆ ಎಂಥದ್ದು, ಓದು ಹೊಂದುತ್ತದೆಯೇ. ತಿರಸ್ಕರಿಸಿದರೆ ಕಾರಣ ಬರೆದು ಕೊಡಬೇಕು. ಮೇಲ್ಮನವಿಗೂ ಕೋರ್ಟಿಗೂ ದಾರಿಯಿದೆ. ಕಾನ್ಸುಲ್ ನೋಡುವುದು ಎದುರಿಗೆ ನಿಂತ ಮನುಷ್ಯನನ್ನು. ಮಂಜೂರಾದ ಅರ್ಜಿಯನ್ನು ಅವರು ರದ್ದು ಮಾಡಲಾರರು, ಆದರೆ ಅನುಮಾನವಿದ್ದರೆ ಮರುಪರಿಶೀಲನೆಗೆ ಹಿಂದಕ್ಕೆ ಕಳುಹಿಸಬಲ್ಲರು. ಅವರ ನಿರಾಕರಣೆಯನ್ನು ಕೋರ್ಟುಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಮುನೋಜ್ ಪ್ರಕರಣ ನೋಡಿ. ಅಮೆರಿಕದ ಪ್ರಜೆಯೊಬ್ಬರು ಎಲ್ ಸಾಲ್ವಡಾರ್‌ನ ಗಂಡನಿಗಾಗಿ ಹಾಕಿದ ಅರ್ಜಿಯನ್ನು ಯುಎಸ್‌ಸಿಐಎಸ್ ಒಪ್ಪಿತ್ತು. 2015ರಲ್ಲಿ ಕಾನ್ಸುಲೇಟ್ ಒಂದು ಕಲಮಿನ ಸಂಖ್ಯೆ ಹೇಳಿ ವೀಸಾ ನಿರಾಕರಿಸಿತು. ಗ್ಯಾಂಗಿನ ಸದಸ್ಯನೆಂಬ ಶಂಕೆಯೇ ಕಾರಣ ಎಂದು ತಿಳಿದದ್ದು ಕೋರ್ಟಿಗೆ ಹೋದ ಮೇಲೆ. ಆತ ಅದನ್ನು ಅಲ್ಲಗಳೆದಿದ್ದ. 2024ರಲ್ಲಿ ಸುಪ್ರೀಂ ಕೋರ್ಟ್ 6-3ರಿಂದ ಸರ್ಕಾರದ ಪರ ನಿಂತಿತು. ಕಾರಣ ಹೇಳುವ ಹೊಣೆಯೇ ಇಷ್ಟು ಹಗುರವಾದರೆ ತಪ್ಪು ತಿದ್ದುವವರಾರು ಎಂಬ ಪ್ರಶ್ನೆ ನನ್ನನ್ನಂತೂ ಬಿಟ್ಟಿಲ್ಲ.

ಹಾಗಂತ ಎರಡನೇ ಬಾಗಿಲು ವಿದೇಶದಲ್ಲೇ ಇರಬೇಕೆಂದೇನೂ ಇಲ್ಲ. 2004ರವರೆಗೆ ಎಚ್-1ಬಿ ನೌಕರರು ಅಮೆರಿಕದೊಳಗೇ, ಸೇಂಟ್ ಲೂಯಿಸ್‌ನ ಕಚೇರಿಗೆ ಅಂಚೆಯಲ್ಲಿ ಪಾಸ್‌ಪೋರ್ಟ್ ಕಳುಹಿಸಿ ವೀಸಾ ನವೀಕರಿಸಿಕೊಳ್ಳುತ್ತಿದ್ದರು. ಬೆರಳಚ್ಚು ಕಡ್ಡಾಯವಾದಾಗ ಅದು ನಿಂತಿತು. 2024ರ ಆರಂಭದಲ್ಲಿ, ಭಾರತ ಅಥವಾ ಕೆನಡಾದಲ್ಲಿ ವೀಸಾ ಪಡೆದಿದ್ದ ಕೆಲವರಿಗೆ ಮತ್ತೆ ದೇಶದೊಳಗೇ ನವೀಕರಿಸುವ, ಹೆಚ್ಚೆಂದರೆ 20,000 ಅರ್ಜಿಗಳ ಪ್ರಯೋಗ ನಡೆಯಿತು. ಉಳಿದವರು, ವಾಸದ ಅವಧಿ ವಿಸ್ತರಣೆಯಾಗಿ ಪಾಸ್‌ಪೋರ್ಟಿನ ವೀಸಾ ಮಾತ್ರ ಮುಗಿದವರು, ತಮ್ಮನ ಮದುವೆಗೆ ಹೊರಡಬೇಕೆಂದರೂ ವಿಮಾನದ ಟಿಕೆಟ್‌ಗಿಂತ ಮೊದಲು ಹುಡುಕುವುದು ಸ್ಟಾಂಪಿಂಗ್ ದಿನಾಂಕವನ್ನು.