ಗೋಡೆಯ ಬಿರುಕಿಗೆ ಯಾವ ರಿಜಿಸ್ಟರ್?

ನವಲಗುಂದ ತಾಲೂಕಿನ ಒಂದು ಸರ್ಕಾರಿ ಶಾಲೆ. ಐದನೇ ತರಗತಿಯ ಕೋಣೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ನೆಲದವರೆಗೆ ಇಳಿದ ಬಿರುಕು. ಅದಕ್ಕೆ ಅಡ್ಡವಾಗಿ, ಎರಡೂ ತುದಿಗೆ ಸಿಮೆಂಟ್ ಮೆತ್ತಿ, ಒಂದು ಗಾಜಿನ ಪಟ್ಟಿ ಅಂಟಿಸಿದ್ದಾರೆ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ, ಅಷ್ಟೇ ಲೆಕ್ಕ. ಪಕ್ಕದಲ್ಲಿ ಪೆನ್ಸಿಲ್‌ನಿಂದ ಬರೆದ ಮೂರು ತಾರೀಖು. ಮೊದಲೆರಡು ಗಾಜು ಒಡೆದು ಹೋಗಿವೆ, ಇದು ಮೂರನೆಯದು.

"ಮಳಿಗಾಲದಾಗ ಬಾಯಿ ಮುಚ್ಚತೈತ್ರಿ, ಬ್ಯಾಸಿಗಿ ಬಂತಂದ್ರ ಮತ್ತ ಬಿಡತೈತಿ," ಎಂದರು ಹೆಡ್‌ಮಾಸ್ತರರು.

ಅವರ ಟೇಬಲ್ ಮೇಲೆ ರಿಜಿಸ್ಟರ್‌ಗಳಿಗೇನೂ ಬರವಿಲ್ಲ. ಬಿಸಿಯೂಟದ ರುಚಿ ನೋಡಿದ್ದಕ್ಕೆ ಒಂದು, ನೀರಿನ ಟ್ಯಾಂಕ್ ತೊಳೆದಿದ್ದಕ್ಕೆ ಒಂದು, ಮಕ್ಕಳ ರಕ್ಷಣೆಯ ಸಭೆಗೆ ಇನ್ನೊಂದು. ಈ ಗಾಜಿನ ವಿಷಯ ಯಾವುದರಲ್ಲಿ ಬರೀತೀರಿ ಸರ್ ಅಂತ ಕೇಳಿದೆ. ನಕ್ಕರು. "ಇದಕ್ಕ ಕಾಲಂ ಇಲ್ರಿ."

ಹಿಂದಕ್ಕೆ ಹೋಗಿ ನೋಡಿದರೆ, ಶಾಲಾ ಸುರಕ್ಷತೆಯ ದೊಡ್ಡ ನಿಯಮಗಳು ಸುಮ್ನೆ ಹುಟ್ಟಿದವಲ್ಲ. ಒಂದೊಂದರ ಹಿಂದೆಯೂ ಮಕ್ಕಳ ಸಾವಿನ ಸುದ್ದಿ ಇದೆ. ಹೆಚ್ಚಿನವು ನಮ್ಮಿಂದ ದೂರದ ಊರುಗಳವು.

1997ರ ನವೆಂಬರ್ 18ರಂದು ದೆಹಲಿಯ ವಜೀರಾಬಾದ್ ಸೇತುವೆಯಿಂದ ಶಾಲಾ ಬಸ್ಸೊಂದು ಯಮುನೆಗೆ ಬಿತ್ತು. 28 ಮಕ್ಕಳು ಸತ್ತರು. ಅದೇ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶಾಲಾ ಬಸ್ಸುಗಳ ವೇಗವನ್ನು ಗಂಟೆಗೆ 40 ಕಿಲೋಮೀಟರಿಗೆ ಕಟ್ಟಿಹಾಕಿತು. ಕರ್ನಾಟಕದ ಶಾಲಾ ವಾಹನ ನಿಯಮಗಳು ಬಂದದ್ದು 2012ರಲ್ಲಿ. ಇವತ್ತು ಹುಬ್ಬಳ್ಳಿಯಲ್ಲಿ ಹಳದಿ ಬಸ್ಸುಗಳಿಗೇನೂ ಕಡಿಮೆಯಿಲ್ಲ. ಅವುಗಳ ಪಕ್ಕದಲ್ಲೇ ಬ್ಯಾಗುಗಳನ್ನು ಹೊರಗೆ ನೇತುಹಾಕಿಕೊಂಡ ಆಟೋಗಳೂ ಓಡುತ್ತವೆ. ಆ ಮಾತು ಬೇರೆ.

ಆಮೇಲೆ ತಮಿಳುನಾಡಿನ ಕುಂಭಕೋಣಂ. 2004ರ ಜುಲೈ 16. ಶಾಲೆಯ ಅಡುಗೆ ಮನೆಯ ಕಿಡಿ ತೆಂಗಿನ ಗರಿಯ ಸೂರಿಗೆ ತಗುಲಿ 94 ಮಕ್ಕಳು ಸುಟ್ಟುಹೋದರು. ನಮ್ಮ ಕಡೆ ಶಾಲೆಗಳಿಗೆ ಮಂಗಳೂರು ಹೆಂಚು, ಇಲ್ಲವೇ ಆರ್‌ಸಿಸಿ. ಹಾಗಾಗಿ ಇದು ನಮ್ಮ ಸಮಸ್ಯೆ ಅಲ್ಲ ಅಂತ ಅನ್ನಿಸಿರಬಹುದು. ಆದರೆ ಆ ಘಟನೆಯ ಬೆನ್ನಿಗೆ ಅವಿನಾಶ್ ಮೆಹ್ರೋತ್ರಾ ಎಂಬುವರು ಹಾಕಿದ ಅರ್ಜಿಯ ಮೇಲೆ 2009ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ದೇಶದ ಎಲ್ಲ ಶಾಲೆಗಳನ್ನೂ ಮುಟ್ಟಿತು. ಶಿಕ್ಷಣದ ಹಕ್ಕು ಅಂದರೆ ಸುರಕ್ಷಿತ ಶಾಲೆಯಲ್ಲಿ ಕಲಿಯುವ ಹಕ್ಕು ಎಂದಿತು ಕೋರ್ಟ್. ಆರು ತಿಂಗಳಲ್ಲಿ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಶಾಲೆಗಳೂ ಬೆಂಕಿ ನಂದಿಸುವ ಉಪಕರಣ ಇಡಬೇಕು. ಸಿಬ್ಬಂದಿಗೆ ಅದನ್ನು ಬಳಸಲು ಕಲಿಸಬೇಕು. ಕಟ್ಟಡ ಭದ್ರವಾಗಿದೆಯೇ ಅಂತ ನೋಡದೆ ಮಾನ್ಯತೆ ಕೊಡಕೂಡದು. ಕಟ್ಟಡವನ್ನು ಆಗಾಗ ಪರೀಕ್ಷಿಸುತ್ತಲೂ ಇರಬೇಕು.

ಇಲ್ಲಿಂದ ಮುಂದೆ ಸುರಕ್ಷತೆ ಅನ್ನುವುದು ಕಾಗದದ ರೂಪ ತಾಳಿತು ಅಂತ ನನ್ನ ಅಭಿಪ್ರಾಯ. ಖಾಸಗಿ ಶಾಲೆಗಳು ಮಾನ್ಯತೆ ನವೀಕರಣಕ್ಕೆ ಹೋದಾಗ ಅಗ್ನಿಶಾಮಕ ಇಲಾಖೆಯ ಪತ್ರ ಬೇಕು, ಕಟ್ಟಡ ಸುರಕ್ಷತೆಯ ಪತ್ರ ಬೇಕು. ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಅಗ್ನಿಶಾಮಕ ವಾಹನ ತಿರುಗುವುದೇ ಕಷ್ಟ. ಹೊಸ ಕಟ್ಟಡಕ್ಕೆ ಮಾಡಿದ ನಿಯಮವನ್ನು ಹಳೇ ಕಟ್ಟಡಕ್ಕೆ ಹಚ್ಚಿದರೆ ಹೇಗೆ ಅಂತ ಆಡಳಿತ ಮಂಡಳಿಗಳು ಕೇಳುತ್ತವೆ. ಪ್ರಶ್ನೆ ಸುಳ್ಳಲ್ಲ. ಆದರೆ ಬೆಂಕಿಗೆ ಹಳೇದು ಹೊಸದು ಗೊತ್ತಾಗುವುದಿಲ್ಲ, ಅಲ್ವಾ? ಸರ್ಕಾರಿ ಶಾಲೆಗೆ ಈ ನವೀಕರಣದ ತಲೆನೋವೇ ಇಲ್ಲ. ಅಂದರೆ ಅಲ್ಲಿ ಪತ್ರ ಕೇಳುವವರೂ ಇಲ್ಲ.

ಧಾರವಾಡದ ಒಂದು ಶಾಲೆಯಲ್ಲಿ ಬೆಂಕಿ ನಂದಿಸುವ ಆ ಕೆಂಪು ಸಿಲಿಂಡರ್ ಎಲ್ಲಿದೆ ಅಂತ ಕೇಳಿದ್ದೆ. ಆಫೀಸಿನ ಕಪಾಟಿನಲ್ಲಿ, ಬೀಗದ ಒಳಗೆ. "ಹೊರಗ ಇಟ್ರ ಹುಡುಗ್ರು ಪಿನ್ ಕಿತ್ತು ಆಟ ಆಡ್ತಾವ್ರಿ," ಎಂದರು ಅಕ್ಕೋರು. ಕೀಲಿ ಸಿಪಾಯಿಯ ಹತ್ತಿರ. ಸಿಪಾಯಿ ಅವತ್ತು ರಜೆ.

ಬಿಸಿಯೂಟದ ಕಥೆ ಸ್ವಲ್ಪ ಬೇರೆ. ಅಕ್ಷರ ದಾಸೋಹ 2002ರಲ್ಲಿ ರಾಜ್ಯದ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷ ನಮ್ಮ ಕಡೆಗೂ ಬಂತು. ಅದರೊಂದಿಗೆ ಶಾಲೆಗೆ ಒಲೆ, ಗ್ಯಾಸ್ ಸಿಲಿಂಡರ್, ಕುದಿಯುವ ಸಾರು ಎಲ್ಲವೂ ಬಂದವು. 2013ರಲ್ಲಿ ಬಿಹಾರದ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ಅದೂ ಜುಲೈ 16, ಕುಂಭಕೋಣಂ ದುರಂತದ ತಾರೀಖೇ. ಎಣ್ಣೆ ಯಾಕೋ ಸರಿ ಇಲ್ಲ ಅಂತ ಅಡುಗೆಯವರು ಮೊದಲೇ ಹೇಳಿದ್ದರು ಎಂದು ಆಗ ವರದಿಯಾಗಿತ್ತು. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕು ಎಂಬ ನಿಯಮ ಬಿಗಿಯಾದದ್ದು ಅದಾದ ಮೇಲೆ. ಇದು ಮಾತ್ರ ನಮ್ಮಲ್ಲಿ ಚೆನ್ನಾಗಿ ಬೇರೂರಿದೆ. ಹಸಿದ ಹೊತ್ತಿನಲ್ಲಿ ಎರಡು ತುತ್ತು ತಿನ್ನಲು ಯಾರಿಗೆ ಬೇಸರ?

ಇನ್ನು ನಮ್ಮ ಸ್ವಂತ ಅಪಾಯಗಳು. ಮುಂಡರಗಿ ಸುತ್ತಮುತ್ತಲಿನ ಬೋರ್ ನೀರಿನಲ್ಲಿ ಫ್ಲೋರೈಡ್ ಇರುವುದು ಹಳೇ ಸುದ್ದಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ನಮ್ಮ ಮಾನದಂಡ. ಅದಕ್ಕಿಂತ ಜಾಸ್ತಿ ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುಡಿಯಲು ಫಿಲ್ಟರ್ ನೀರು, ಬೇಳೆ ಬೇಯಿಸಲು ಬೋರ್ ನೀರು ಎಂಬ ಏರ್ಪಾಡನ್ನು ನಾನೇ ಕಂಡಿದ್ದೇನೆ. ಟ್ಯಾಂಕ್ ತೊಳೆದ ತಾರೀಖು ಮಾತ್ರ ರಿಜಿಸ್ಟರ್‌ನಲ್ಲಿ ಸರಿಯಾಗಿತ್ತು.

ಎರಡನೆಯದು ಎರಿ ಮಣ್ಣು, ಅಂದರೆ ಕಪ್ಪು ಮಣ್ಣು. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಹೊಲಗಳನ್ನು ಬೇಸಿಗೆಯಲ್ಲಿ ನೋಡಿ, ಕೈ ತೂರುವಷ್ಟು ಸೀಳು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಪಾಯ ಆಳವಿಲ್ಲದ ಗೋಡೆಯನ್ನು ಅದು ವರ್ಷಕ್ಕೊಮ್ಮೆ ಎತ್ತಿ ಇಳಿಸುತ್ತದೆ. ಎರಿ ತೆಗೆದು ಗರಸು ತುಂಬಬೇಕು, ಇಲ್ಲವೇ ಗಟ್ಟಿ ನೆಲ ಸಿಗುವವರೆಗೆ ಇಳಿಯಬೇಕು. ಎರಡಕ್ಕೂ ದುಡ್ಡು ಜಾಸ್ತಿ. ಮನೆ ಕಟ್ಟುವ ಪ್ರತಿಯೊಬ್ಬ ಗೌಂಡಿಗೂ ಗೊತ್ತಿರುವ ಮಾತಿದು.

ಆ ಶಾಲೆಯಲ್ಲಿ ಬಿರುಕಿನ ಗೋಡೆಯ ಹೊರಗೆ ಸಾಲಾಗಿ ಐದು ನಲ್ಲಿಗಳಿವೆ. ಊಟಕ್ಕೆ ಮುಂಚೆ ಕೈ ತೊಳೆಯಲಿ ಅಂತ ಹಾಕಿದ್ದು. ಒಳ್ಳೆಯ ಕೆಲಸವೇ. ಆದರೆ ಗಟಾರ ಕಟ್ಟಿಲ್ಲ. ಬಳಸಿದ ನೀರೆಲ್ಲ ದಿನಾ ಒಂದೇ ಮೂಲೆಯ ಪಾಯಕ್ಕೆ ಇಳಿಯುತ್ತದೆ. ಗೋಡೆಯ ಒಂದು ತುದಿಯ ಮಣ್ಣು ಹಸಿ, ಇನ್ನೊಂದು ತುದಿಯದು ಒಣ. ಸ್ವಚ್ಛತೆಯ ಕಾಲಂ ಭರ್ತಿ, ಬಿರುಕಿಗೂ ಭರ್ತಿ ನೀರು.

2025ರ ಜುಲೈ 25ರಂದು ರಾಜಸ್ಥಾನದ ಪಿಪ್ಲೋದಿ ಗ್ರಾಮದಲ್ಲಿ ಶಾಲೆಯ ಚಾವಣಿ ಕುಸಿದು 7 ಮಕ್ಕಳು ಸತ್ತರು. ಮೇಲಿಂದ ಹರಳು ಉದುರುತ್ತಿವೆ ಅಂತ ಮಕ್ಕಳೇ ಹೇಳಿದ್ದರು ಎಂಬುದು ಆಮೇಲೆ ಹೊರಬಂತು. ಮರುದಿನವೇ ಕೇಂದ್ರ ಶಿಕ್ಷಣ ಸಚಿವಾಲಯ ಎಲ್ಲ ಶಾಲೆಗಳ ಸುರಕ್ಷತೆ ಪರಿಶೀಲಿಸಿ ಎಂದು ರಾಜ್ಯಗಳಿಗೆ ಸೂಚಿಸಿತು.

ಹೆಡ್‌ಮಾಸ್ತರರ ಶಾಲೆಗೂ ಎಂಜಿನಿಯರ್ ಬಂದಿದ್ದರಂತೆ, ಆಗಸ್ಟ್‌ನಲ್ಲಿ. ಒಳ್ಳೆ ಮಳೆ ಬಿದ್ದಿತ್ತು. ಎರಿ ಉಬ್ಬಿ ಬಿರುಕು ಕೂದಲೆಳೆಯಷ್ಟಾಗಿತ್ತು. ನೋಡಿ, "ಸಣ್ಣ ದುರಸ್ತಿ" ಎಂದು ಬರೆದುಕೊಂಡು ಹೋದರು. ಒಡೆದ ಹಳೆಯ ಗಾಜುಗಳನ್ನು ಚಾಕ್‌ಪೀಸ್ ಡಬ್ಬಿಯಲ್ಲಿ ಇಟ್ಟಿದ್ದೆ, ಅವನ್ನೂ ತೋರಿಸಿದೆ ಎಂದರು ಹೆಡ್‌ಮಾಸ್ತರರು. "ಬ್ಯಾಸಿಗ್ಯಾಗ ಒಮ್ಮೆ ಬರ್ರಿ ಸಾಹೇಬ್ರ ಅಂದೆ. ಬ್ಯಾಸಿಗ್ಯಾಗ ಸಾಲಿ ಸೂಟಿ ಇರತೈತಲ್ರಿ ಅಂದ್ರು."