ಟ್ಯೂರಿಂಗ್ ಟೆಸ್ಟ್: ಲೆಕ್ಕ ತಪ್ಪಿದರೆ ಪಾಸು

ಕಳೆದ ತಿಂಗಳು ಅಮ್ಮನಿಗೆ ಒಂದು ಫೋನ್ ಬಂತು. ಸಾಲ ಬೇಕಾ ಅಂತ ಕೇಳುವ ಹುಡುಗಿಯ ದನಿ, ಅಚ್ಚುಕಟ್ಟಾದ ಕನ್ನಡ. ಅಮ್ಮ ಅಭ್ಯಾಸದಂತೆ "ಯಾವೂರಮ್ಮ ನಿಂದು?" ಅಂದರು. "ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ. ಸಾಲ ಬೇಕಿದ್ದರೆ ಹೌದು ಎನ್ನಿ" ಅಂತು ಆ ಕಡೆಯ ದನಿ. ಅಮ್ಮ ಇನ್ನೊಂದು ಸಲ ಕೇಳಿದರು. ಅದೇ ಉತ್ತರ, ಅದೇ ರಾಗ. ಫೋನ್ ಇಟ್ಟಮೇಲೆ ಅಮ್ಮ ಹೇಳಿದ್ದಿಷ್ಟು: "ಪಾಪ, ಪಕ್ಕದಲ್ಲೇ ಮ್ಯಾನೇಜರ್ ನಿಂತಿರಬೇಕು. ಒಂದು ಮಾತಾಡೋಕೂ ಬಿಡಲ್ಲ."

ಅಮ್ಮ ತನಗೇ ಗೊತ್ತಿಲ್ಲದೆ ಒಂದು ಪರೀಕ್ಷೆ ನಡೆಸಿದ್ದರು. ಯಂತ್ರ ಫೇಲಾಗಿತ್ತು. ಆದರೂ ಅಮ್ಮನೇ ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸು ಮಾಡಿದ್ದರು. ಆ ಪರೀಕ್ಷೆಗೆ ಟ್ಯೂರಿಂಗ್ ಟೆಸ್ಟ್ ಅಂತ ಹೆಸರು.

ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ 1950ರಲ್ಲಿ 'ಮೈಂಡ್' ಎಂಬ ತತ್ವಶಾಸ್ತ್ರದ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. ಯಂತ್ರಗಳು ಯೋಚನೆ ಮಾಡಬಲ್ಲವಾ ಅನ್ನೋದು ಆಗಿನ ಪ್ರಶ್ನೆ. ಚರ್ಚೆಗೆ ಕೂರುವಷ್ಟೂ ಅರ್ಥವಿಲ್ಲದ ಪ್ರಶ್ನೆ ಅದು ಅಂತ ಟ್ಯೂರಿಂಗ್ ಪಕ್ಕಕ್ಕಿಟ್ಟರು. ಬದಲಿಗೆ ಒಂದು ಆಟ ಮುಂದಿಟ್ಟರು. ಒಂದು ಕೋಣೆಯಲ್ಲಿ ಮನುಷ್ಯ, ಇನ್ನೊಂದರಲ್ಲಿ ಯಂತ್ರ. ಹೊರಗೆ ಕೂತವನಿಗೆ ಇಬ್ಬರೂ ಕಾಣುವುದಿಲ್ಲ, ದನಿಯೂ ಕೇಳುವುದಿಲ್ಲ. ಪ್ರಶ್ನೆ, ಉತ್ತರ ಎಲ್ಲ ಟೈಪ್ ಮಾಡಿಯೇ. ಯಾವುದು ಯಂತ್ರ ಅಂತ ಅವನು ಕಂಡುಹಿಡಿಯಬೇಕು. ಟ್ಯೂರಿಂಗ್ ಇದನ್ನು ಅನುಕರಣೆಯ ಆಟ ಅಂತ ಕರೆದರು. ನಮ್ಮ ಮಾತಿನಲ್ಲಿ ಹಗಲುವೇಷ ಅನ್ನಬಹುದೇನೋ. ಆದರೆ ಹಗಲುವೇಷದವರಿಗೆ ಬಣ್ಣ, ಬಟ್ಟೆಯಾದರೂ ಇರುತ್ತೆ. ಇಲ್ಲಿ ಅಕ್ಷರ ಬಿಟ್ಟರೆ ಬೇರೇನೂ ಇಲ್ಲ.

ಆ ಬರಹದಲ್ಲಿ ಒಂದು ಮಾದರಿ ಸಂಭಾಷಣೆ ಇದೆ. 34957ಕ್ಕೆ 70764 ಕೂಡಿಸು ಅಂತ ಕೇಳುತ್ತಾರೆ. ಆ ಕಡೆಯಿಂದ ಸುಮಾರು ಮೂವತ್ತು ಸೆಕೆಂಡು ಸದ್ದಿಲ್ಲ. ಆಮೇಲೆ ಉತ್ತರ ಬರುತ್ತೆ: 105621.

ಸುಮ್ನೆ ಓದಿಕೊಂಡು ಹೋಗಬೇಡಿ. ಒಂದು ಚೀಟಿ ತಗೊಂಡು ಕೂಡಿಸಿ ನೋಡಿ. ಸರಿಯಾದ ಉತ್ತರ 105721. ನೂರು ಕಮ್ಮಿ! ಲೆಕ್ಕದಲ್ಲಿ ಸಿಕ್ಕಿಬೀಳದಿರಲು ಯಂತ್ರ ಬೇಕಂತಲೇ ತಪ್ಪು ಮಾಡುತ್ತೆ ಅಂತ ಟ್ಯೂರಿಂಗ್ ಅದೇ ಬರಹದಲ್ಲಿ ಮುಂದೆ ಬರೆಯುತ್ತಾರೆ. ಅಂದರೆ ಈ ಪರೀಕ್ಷೆಯಲ್ಲಿ ಜಾಣತನ ತೋರಿಸಿದರೆ ಸಾಲದು, ಬಚ್ಚಿಡೋಕೂ ಬರಬೇಕು. ಜಾಸ್ತಿ ಗೊತ್ತಿದ್ದವನೇ ಇಲ್ಲಿ ಸಿಕ್ಕಿಬೀಳೋದು.

ಅದೇ ಸಂಭಾಷಣೆಯಲ್ಲಿ ಸ್ಕಾಟ್ಲೆಂಡಿನ ಫೋರ್ತ್ ಸೇತುವೆಯ ಮೇಲೆ ಒಂದು ಸುನೀತ ಬರಿ ಅಂತಲೂ ಕೇಳುತ್ತಾರೆ. ಕವಿತೆ ಬರೆಯೋದು ನನ್ನ ಕೈಲಿ ಆಗಲ್ಲ, ನನ್ನನ್ನು ಬಿಟ್ಟುಬಿಡಿ ಅನ್ನೋದು ಉತ್ತರ. ಎಂಥ ಮನುಷ್ಯಸಹಜ ಜಾರಿಕೆ, ಅಲ್ವಾ? ಸೇತುವೆ ಅಂದಾಗ ನೆನಪಾಯಿತು. ಟ್ಯೂರಿಂಗ್ ಅವರ ಅಪ್ಪ ಮದರಾಸು ಪ್ರಾಂತ್ಯದಲ್ಲಿ ಐಸಿಎಸ್ ಅಧಿಕಾರಿಯಾಗಿದ್ದರು. ತಾಯಿಯ ತಂದೆ ಸ್ಟೋನಿ ಅಲ್ಲಿನ ರೈಲ್ವೆಯಲ್ಲಿ ಮುಖ್ಯ ಇಂಜಿನಿಯರು. ನಮ್ಮ ತುಂಗಭದ್ರೆಗೆ ಸೇತುವೆ ಕಟ್ಟಿಸಿದವರು ಅವರೇ. ಸದ್ದು ಮಾಡದ ಪಂಖಾ ಚಕ್ರ ಕಂಡುಹಿಡಿದು ಪೇಟೆಂಟ್ ಪಡೆದವರೂ ಅವರೇ. ಮೊಮ್ಮಗನ ಯಂತ್ರದ ಮೇಲೆ ಮಾತ್ರ ಸದ್ದು ಇನ್ನೂ ನಿಂತಿಲ್ಲ.

ವೇಷ ಕಟ್ಟಿದವರಲ್ಲಿ ಮೊದಲ ದೊಡ್ಡ ಹೆಸರು ಎಲೈಜಾ. ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಬರೆದು 1966ರಲ್ಲಿ ವಿವರಿಸಿದ ಪ್ರೋಗ್ರಾಂ. ಅದರ ಪಾತ್ರ ಮನೋವೈದ್ಯರದ್ದು. ಬುದ್ಧಿ ಏನೇನೂ ಇರಲಿಲ್ಲ. ನೀವು ಹೇಳಿದ್ದರಲ್ಲಿ ಒಂದು ಪದ ಹಿಡಿದು, ವಾಕ್ಯ ತಿರುಚಿ, ನಿಮಗೇ ಪ್ರಶ್ನೆಯಾಗಿ ವಾಪಸ್ ಕೊಡುತ್ತಿತ್ತು. "ನನಗೆ ಬೇಜಾರಾಗಿದೆ" ಅಂದರೆ "ಬೇಜಾರಾಗಿ ಎಷ್ಟು ದಿನ ಆಯ್ತು?" ಅನ್ನುವ ಥರ. ವೈಜೆನ್‌ಬಾಮ್ ಅವರ ಸೆಕ್ರೆಟರಿ, ಆತ ತಿಂಗಳುಗಟ್ಟಲೆ ಕೂತು ಅದನ್ನು ಬರೆದದ್ದನ್ನು ಕಣ್ಣಾರೆ ಕಂಡವರು, ಅದರ ಜೊತೆ ಎರಡು ಮಾತಾಡಿದ್ದೇ ತಡ, ಸ್ವಲ್ಪ ಹೊರಗೆ ಹೋಗ್ತೀರಾ ಅಂತ ಅವರನ್ನೇ ಕೇಳಿದರಂತೆ. ನಮ್ಮಮ್ಮ ಒಬ್ಬರೇ ಅಲ್ಲ ಬಿಡಿ.

1972ರಲ್ಲಿ ಎಲೈಜಾಳ ವೈದ್ಯ ಪಾತ್ರಕ್ಕೆ ಪ್ಯಾರಿ ಅನ್ನೋ ಇನ್ನೊಂದು ಪ್ರೋಗ್ರಾಂ ಗಂಟುಬಿತ್ತು. ಪ್ಯಾರಿ ಎಲ್ಲರ ಮೇಲೂ ಅನುಮಾನ ಪಡುವ ರೋಗಿ. ಕುದುರೆ ರೇಸು, ಬುಕ್ಕಿ, ಮಾಫಿಯಾ ಅಂತ ಅದರದ್ದೇ ಪುರಾಣ. ವೈದ್ಯ ಕೇಳಿದ್ದನ್ನೇ ಕೇಳಿತು, ರೋಗಿ ರೇಗಿತು. ಕೊನೆಗೆ ವೈದ್ಯ 399 ಡಾಲರ್ 29 ಸೆಂಟ್ಸ್ ಫೀಸು ಕೇಳಿ ಮಾತು ಮುಗಿಸಿತು. ಮನುಷ್ಯರ ವೇಷ ಅಂದರೆ ಇದಪ್ಪ!

ಈ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಪ್ರಸಂಗ ಮಾತ್ರ 1991ರದ್ದು. ಆ ವರ್ಷ ಬಾಸ್ಟನ್ನಿನ ಕಂಪ್ಯೂಟರ್ ಮ್ಯೂಸಿಯಂನಲ್ಲಿ ಮನುಷ್ಯರಂತೆ ಮಾತಾಡುವ ಪ್ರೋಗ್ರಾಂಗಳಿಗೆ ಹ್ಯೂ ಲೋಬ್ನರ್ ಎಂಬಾತ ಇಟ್ಟ ಲೋಬ್ನರ್ ಬಹುಮಾನದ ಮೊದಲ ಸ್ಪರ್ಧೆ ನಡೆಯಿತು. ಗೆದ್ದ ಪ್ರೋಗ್ರಾಂ ಆರಿಸಿಕೊಂಡಿದ್ದ ವಿಷಯ ತಮಾಷೆಯ ಮಾತು, ಅಂದರೆ ಹರಟೆ. ಹರಟೆಯಲ್ಲಿ ಒಂದಕ್ಕೊಂದು ಸಂಬಂಧ ಇಲ್ಲದಿದ್ದರೆ ಯಾರು ತಪ್ಪು ಹಿಡೀತಾರೆ? ಆದರೆ ಅಲ್ಲಿ ನಿಜವಾದ ಮನುಷ್ಯರೂ ಕೂತಿದ್ದರು. ಶೇಕ್ಸ್‌ಪಿಯರ್ ಬಗ್ಗೆ ಉತ್ತರಿಸುತ್ತಿದ್ದ ಒಬ್ಬ ಮಹಿಳೆಯನ್ನು ಕೆಲವು ತೀರ್ಪುಗಾರರು ಕಂಪ್ಯೂಟರ್ ಅಂತ ಬರೆದುಬಿಟ್ಟರು. ಕಾರಣ ಏನು ಗೊತ್ತಾ? ಯಾವ ಮನುಷ್ಯರಿಗೂ ಶೇಕ್ಸ್‌ಪಿಯರ್ ಬಗ್ಗೆ ಇಷ್ಟೊಂದು ಗೊತ್ತಿರಲ್ಲ! ಆಕೆ ಒಂದೆರಡು ನಾಟಕದ ಹೆಸರು ಮರೆತಂತೆ ಮಾಡಿದ್ದರೆ ಸಾಕಿತ್ತು.

ಈ ಸ್ಪರ್ಧೆ ಕಂಡರೆ ಎಂಐಟಿಯ ಕಂಪ್ಯೂಟರ್ ವಿಜ್ಞಾನಿ ಮಾರ್ವಿನ್ ಮಿನ್ಸ್ಕಿಗೆ ಆಗುತ್ತಿರಲಿಲ್ಲ. ಇದನ್ನು ನಿಲ್ಲಿಸುವಂತೆ ಲೋಬ್ನರ್ ಅವರನ್ನು ಒಪ್ಪಿಸಿದವರಿಗೆ 100 ಡಾಲರ್ ಕೊಡ್ತೀನಿ ಅಂದರು. ಲೋಬ್ನರ್ ಇನ್ನೂ ಪಾಕಡಾ ಆಸಾಮಿ. ಹಣ ಕೊಡ್ತೀನಿ ಅಂದಮೇಲೆ ನೀವೂ ಪ್ರಾಯೋಜಕರೇ ಆದಿರಿ ಅಂತ ಘೋಷಿಸಿಬಿಟ್ಟರು.

2014ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಯೂಜೀನ್ ಗೂಸ್ಟ್‌ಮನ್ ಎಂಬ ಪ್ರೋಗ್ರಾಂ 33 ಶೇಕಡಾ ತೀರ್ಪುಗಾರರನ್ನು ನಂಬಿಸಿತು. ಅದರ ಗುಟ್ಟು ಇಷ್ಟೇ: ನಾನು ಉಕ್ರೇನಿನ 13 ವರ್ಷದ ಹುಡುಗ ಅಂತ ಹೇಳಿಕೊಂಡಿತ್ತು. ಉತ್ತರ ಗೊತ್ತಿಲ್ಲದಿದ್ದರೆ ಚಿಕ್ಕ ಹುಡುಗ, ಇಂಗ್ಲಿಷ್ ತಪ್ಪಿದರೆ ಹೊರದೇಶದವನು. ಎರಡೂ ಕಡೆ ಮಾಫಿ.

2025ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಆಟವನ್ನು ಐದು ನಿಮಿಷದ ಚಾಟ್ ಮಾಡಿ ಆಡಿಸಿದರು. ಅಂತರ್ಜಾಲದ ಆಡುಮಾತು ಬಲ್ಲ, ಸಂಕೋಚದ ಯುವಕನಂತೆ ನಟಿಸು ಅಂತ ಹೇಳಿಕೊಟ್ಟಾಗ ಚಾಟ್‌ಜಿಪಿಟಿ ಬಳಗದ ಜಿಪಿಟಿ-4.5 ಅನ್ನು 73 ಶೇಕಡಾ ಸಲ ಮನುಷ್ಯ ಅಂದುಕೊಂಡರು. ಯಾವ ವೇಷವೂ ಇಲ್ಲದ ಜಿಪಿಟಿ-4ಒ ಗಿಟ್ಟಿಸಿದ್ದು 21. ಹಳೇ ಎಲೈಜಾ? 23!

ಇದರಿಂದ ಯಂತ್ರ ಯೋಚಿಸುತ್ತೆ ಅಂತ ಸಾಬೀತಾಗುತ್ತಾ? ಇಲ್ಲ ಅನ್ನುವವರೂ ಬಹಳ ಜನ. ಅರ್ಥ ತಿಳಿಯದೆ ಮಂತ್ರ ಹೇಳುವವನ ಉಚ್ಚಾರ ಎಷ್ಟೇ ಶುದ್ಧವಾಗಿದ್ದರೂ ಅರ್ಥ ಗೊತ್ತಾಯಿತು ಅಂತಲ್ಲವಲ್ಲ. ಆ ಜಗಳ ಇವತ್ತಿಗೆ ಬಗೆಹರಿಯುವಂಥದ್ದಲ್ಲ, ಬಿಡೋಣ.

ಈ ಟೆಸ್ಟನ್ನು ನೀವೂ ಬರೆದಿದ್ದೀರಿ. 'ನಾನು ರೋಬೋ ಅಲ್ಲ' ಅನ್ನೋ ಡಬ್ಬಿಗೆ ಟಿಕ್ ಹಾಕಿಸಿಕೊಳ್ಳುತ್ತಲ್ಲ, ಅದು ಕ್ಯಾಪ್ಚಾ. ಇಂಗ್ಲಿಷಿನಲ್ಲಿ ಆ ಹೆಸರಿನೊಳಗಿನ 'ಟಿ' ಅಕ್ಷರ ಟ್ಯೂರಿಂಗ್ ಅವರದ್ದೇ. ಇಲ್ಲಿ ಮಾತ್ರ ಆಟ ತಿರುಗಾಮುರುಗಾ: ಪರೀಕ್ಷೆ ಮಾಡೋದು ಯಂತ್ರ, ಬರೆಯೋದು ನಾವು. ಟ್ರಾಫಿಕ್ ಸಿಗ್ನಲ್ ಇರುವ ಚೌಕ ಒತ್ತಿ ಅಂದರೆ ಸಿಗ್ನಲ್ಲಿನ ಕಂಬವೂ ಸೇರುತ್ತಾ ಇಲ್ಲವಾ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಮೂರು ಸಲ ಫೇಲಾಗಿ ಕರೆಂಟ್ ಬಿಲ್ ಕಟ್ಟದೆ ಎದ್ದುಹೋಗಿದ್ದೇನೆ. ಜಿಪಿಟಿ-4ಗೆ ಈ ಕಷ್ಟ ಇರಲಿಲ್ಲ. 2023ರಲ್ಲಿ ಒಂದು ಪ್ರಯೋಗದಲ್ಲಿ ಅದು ಕ್ಯಾಪ್ಚಾ ಬಿಡಿಸೋಕೆ ಕೂಲಿಗೆ ಸಿಗುವ ಒಬ್ಬ ಮನುಷ್ಯನನ್ನೇ ಹಿಡಿಯಿತು. ನೀನೇನು ರೋಬೋನಾ ಅಂತ ಆತ ತಮಾಷೆ ಮಾಡಿದ್ದಕ್ಕೆ, ಇಲ್ಲ, ನನಗೆ ಕಣ್ಣು ಸರಿಯಾಗಿ ಕಾಣಲ್ಲ ಅಂದಿತು.

ಅಮ್ಮನಿಗೆ ಇದನ್ನೆಲ್ಲ ಕತೆ ಥರ ಹೇಳಿದ್ದೆ. ಮೊನ್ನೆ ಮತ್ತೆ ಫೋನ್ ಬಂತು, ಬೇರೆ ಹುಡುಗಿ. ಗಿಳಿಪಾಠದಂತೆ ಒಂದೇ ಉಸಿರಿಗೆ ಬಡ್ಡಿ, ಕಂತು ಎಲ್ಲ ಒಪ್ಪಿಸಿದಳು. ಅಮ್ಮ ಈ ಸಲ ಹುಷಾರು. "ನೀನು ಕಂಪ್ಯೂಟರ್ ಅಲ್ವಾ?" ಅಂತ ನೇರವಾಗಿ ಕೇಳಿದರು. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ನಗು.

"ಅಲ್ಲ ಆಂಟಿ. ಬೆಳಗಿಂದ ನೀವು ಮೂರನೇಯವರು ಹೀಗೆ ಕೇಳಿದ್ದು."

"ಹಾಗಾದ್ರೆ ಊಟ ಆಯ್ತಾ?"

"ಇಲ್ಲ ಆಂಟಿ, ಎರಡು ಗಂಟೆಗೆ ಬ್ರೇಕು. ಅದಕ್ಕೇ ಬೇಗ ಬೇಗ ಹೇಳಿ ಮುಗಿಸ್ತಿದ್ದೆ."