ಸ್ಟೇಟ್ ಫೇರ್‌ನಲ್ಲಿ ವಿಶ್ವವಿದ್ಯಾಲಯ: ಅಳೆಯುವವರು ಮತ್ತು ಅಳೆಸಿಕೊಳ್ಳುವವರು

ಅಮೆರಿಕದ ಮಿನ್ನೆಸೋಟ ರಾಜ್ಯದ ದೊಡ್ಡ ಕೃಷಿ ಮೇಳವಾದ ಸ್ಟೇಟ್ ಫೇರ್‌ನಲ್ಲಿ ಕಡ್ಡಿಗೆ ಸಿಕ್ಕಿಸಿ ಮಾರುವ ಬಗೆಬಗೆಯ ತಿಂಡಿ, ಬೆಣ್ಣೆಯಲ್ಲಿ ಕಡೆದ ಪ್ರತಿಮೆ, ಬಹುಮಾನಕ್ಕೆ ಮೈತೊಳೆಸಿಕೊಂಡು ನಿಂತ ಹಸು ಮತ್ತು ಹಂದಿಗಳ ಜೊತೆಗೆ, ಏನನ್ನೂ ಮಾರದ ಒಂದು ಕಟ್ಟಡವೂ ಇದೆ. ಅದರೊಳಗೆ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ಮೇಳಕ್ಕೆ ಬಂದವರನ್ನು ತಮ್ಮ ಅಧ್ಯಯನಕ್ಕೆ ಆಹ್ವಾನಿಸುತ್ತಾರೆ. ಒಪ್ಪಿದವರು ಪ್ರಶ್ನಾವಳಿಗೆ ಉತ್ತರಿಸಿ ಸಣ್ಣದೊಂದು ಉಡುಗೊರೆ ಪಡೆದು ಹೊರಡುತ್ತಾರೆ. ಕೆಲವು ಅಧ್ಯಯನಗಳಲ್ಲಿ ದೇಹದ ಅಳತೆ ಕೊಡುವುದೋ ಜೊಲ್ಲಿನ ಮಾದರಿ ಕೊಡುವುದೋ ಇರುತ್ತದೆ. 'ಡ್ರಿವನ್ ಟು ಡಿಸ್ಕವರ್' ಎಂಬ ಹೆಸರಿನ ಈ ಸಂಶೋಧನಾ ಕೇಂದ್ರ 2014ರಿಂದ ನಡೆಯುತ್ತಿದೆ. ಜಾತ್ರೆಯ ಗದ್ದಲದ ನಡುವೆ ಇಂಥದ್ದೊಂದು ಪ್ರಯೋಗಶಾಲೆ ಹೇಗೆ ಬಂತು ಎಂದು ಕೇಳಿದರೆ, ಎರಡು ಶತಮಾನಗಳ ಕಥೆಯನ್ನು ಹೇಳಬೇಕಾಗುತ್ತದೆ. ಅದರಲ್ಲಿ ಹೆಮ್ಮೆಪಡುವಂಥದ್ದು ಬಹಳಷ್ಟಿದೆ, ತಲೆತಗ್ಗಿಸುವಂಥದ್ದೂ ಇದೆ.

ಅಮೆರಿಕದ ಕೃಷಿ ಮೇಳಗಳು ಹುಟ್ಟಿದಾಗ ಅವುಗಳಲ್ಲಿ ವಿಶ್ವವಿದ್ಯಾಲಯಗಳ ಪಾತ್ರವೇನೂ ಇರಲಿಲ್ಲ. ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್ ಊರಿನಲ್ಲಿ ಎಲ್ಕೇನಾ ವಾಟ್ಸನ್ ಎಂಬಾತ 1807ರಲ್ಲಿ ಎರಡು ಮೆರಿನೋ ಕುರಿಗಳನ್ನು ಜನರ ನೋಟಕ್ಕೆ ಇಟ್ಟದ್ದು, ಆಮೇಲೆ ಅದೇ ಸೀಮೆಯಲ್ಲಿ ಬಹುಮಾನ ಸಹಿತ ಜಾನುವಾರು ಪ್ರದರ್ಶನಗಳನ್ನು ಏರ್ಪಡಿಸಿದ್ದು ಈ ಪರಂಪರೆಯ ಆರಂಭವೆಂದು ಎಣಿಕೆಯಾಗಿದೆ. ರಾಜ್ಯಮಟ್ಟದ ಮೊದಲ ಮೇಳ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ 1841ರಲ್ಲಿ ನಡೆಯಿತು. ಮಿನ್ನೆಸೋಟ 1858ರಲ್ಲಿ ರಾಜ್ಯವಾಯಿತು, ಮರುವರ್ಷವೇ ತನ್ನ ಮೇಳ ನಡೆಸಿತು. ಒಬ್ಬ ರೈತ ಬೆಳೆದದ್ದನ್ನು ಇನ್ನೊಬ್ಬ ರೈತ ನೋಡಿ, ಮುಟ್ಟಿ, ತೂಗಿ ತೀರ್ಪು ಹೇಳುತ್ತಿದ್ದ ಕಾಲ ಅದು.

1862ರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಸಹಿ ಹಾಕಿದ ಮೊರಿಲ್ ಕಾಯ್ದೆ ಈ ಚಿತ್ರವನ್ನು ಬದಲಿಸಿತು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ರಾಜ್ಯಕ್ಕಿರುವ ಪ್ರತಿಯೊಬ್ಬ ಸದಸ್ಯನ ಲೆಕ್ಕಕ್ಕೆ 30,000 ಎಕರೆ ಸರ್ಕಾರಿ ಭೂಮಿಯನ್ನು ಕೊಟ್ಟು, ಅದನ್ನು ಮಾರಿ ಬಂದ ಹಣದ ನಿಧಿಯಿಂದ ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜುಗಳನ್ನು ನಡೆಸಬೇಕೆಂಬುದು ಅದರ ಏರ್ಪಾಡು. ಈ 'ಸರ್ಕಾರಿ ಭೂಮಿ' ಎಂಬುದು ಮೂಲನಿವಾಸಿ ಜನಾಂಗಗಳಿಂದ ಒಪ್ಪಂದದ ಹೆಸರಿನಲ್ಲಿಯೋ ಬಲವಂತದಿಂದಲೋ ಕಿತ್ತುಕೊಂಡ ಭೂಮಿಯಾಗಿತ್ತು ಎಂಬುದನ್ನು ಆ ವಿಶ್ವವಿದ್ಯಾಲಯಗಳು ಬಾಯಿಬಿಟ್ಟು ಹೇಳಲು ಆರಂಭಿಸಿದ್ದು ತೀರ ಈಚೆಗೆ. ಜನರಿಗಾಗಿ ಹುಟ್ಟಿದ ವಿದ್ಯಾಸಂಸ್ಥೆ ಎಂಬ ಹೆಗ್ಗಳಿಕೆಯ ಅಡಿಪಾಯದಲ್ಲೇ ಆ 'ಜನ' ಯಾರು ಎಂಬ ಪ್ರಶ್ನೆ ಹೂತುಹೋಗಿತ್ತು.

ಹೊಸ ಕಾಲೇಜುಗಳು ತೆರೆದವು, ಆದರೆ ರೈತರು ಅವನ್ನು ಕೂಡಲೇ ನಂಬಲಿಲ್ಲ. ಪುಸ್ತಕ ಓದಿ ಬೇಸಾಯ ಕಲಿಸುವವರೆಂದು ಪ್ರಾಧ್ಯಾಪಕರನ್ನು ಗೇಲಿ ಮಾಡುತ್ತಿದ್ದುದರಲ್ಲಿ ನ್ಯಾಯವೂ ಇತ್ತು, ಏಕೆಂದರೆ ಕಲಿಸಲು ಬೇಕಾದ ಪರೀಕ್ಷಿತ ಜ್ಞಾನ ಅವರ ಬಳಿ ಹೆಚ್ಚೇನೂ ಇರಲಿಲ್ಲ. 1887ರ ಹ್ಯಾಚ್ ಕಾಯ್ದೆ ಪ್ರತಿ ರಾಜ್ಯದಲ್ಲೂ ಕೃಷಿ ಪ್ರಯೋಗ ಕೇಂದ್ರಗಳಿಗೆ ಹಣ ಒದಗಿಸಿದ ಬಳಿಕ ಪರಿಸ್ಥಿತಿ ಬದಲಾಯಿತು. ಮಿನ್ನೆಸೋಟದಲ್ಲಿ ಇದಕ್ಕೆ ಭೂಗೋಳದ ಅನುಕೂಲವೂ ಸೇರಿಕೊಂಡಿತು. ಮೇಳ 1885ರಲ್ಲಿ ರಾಮ್ಸಿ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಬಡವರ ಆಶ್ರಯ ಜಮೀನಾಗಿದ್ದ ಈಗಿನ ಸ್ಥಳಕ್ಕೆ ಬಂದು ನೆಲೆಯೂರಿತು. ವಿಶ್ವವಿದ್ಯಾಲಯದ ಕೃಷಿ ಆವರಣ ಅದರ ಮಗ್ಗುಲಲ್ಲೇ ಬೆಳೆಯಿತು. ಅಂದಿನಿಂದ ಎರಡೂ ನೆರೆಮನೆಯವರಂತೆ ಬದುಕಿವೆ.

ಆ ಹೊಲಗಳಲ್ಲೇ ವಿಲೆಟ್ ಹೇಸ್ ಎಂಬ ತಳಿತಜ್ಞರು 1890ರ ದಶಕದಲ್ಲಿ 'ಮಿನ್ನೆಸೋಟ 13' ಎಂಬ ಬೇಗ ಮಾಗುವ ಮೆಕ್ಕೆಜೋಳದ ತಳಿಯನ್ನು ರೂಪಿಸಿದರು. ಬೇಸಿಗೆ ಗಿಡ್ಡವಾದ ಉತ್ತರದ ಸೀಮೆಗೆ ಮೆಕ್ಕೆಜೋಳದ ಬೇಸಾಯ ಹಬ್ಬಲು ಅದು ನೆರವಾಯಿತು. ಮದ್ಯನಿಷೇಧದ ವರ್ಷಗಳಲ್ಲಿ ಅದೇ ಜೋಳದಿಂದ ಭಟ್ಟಿ ಇಳಿಸಿದ ಕಳ್ಳಸಾರಾಯಿಗೂ 'ಮಿನ್ನೆಸೋಟ 13' ಎಂಬ ಹೆಸರೇ ನಿಂತುಬಿಟ್ಟಿತು. ವಿಶ್ವವಿದ್ಯಾಲಯವೊಂದರ ಸಂಶೋಧನೆ ಜನರ ಬಾಯಿಗೆ ಇಷ್ಟು ಬೇಗ ತಲುಪಿದ ಉದಾಹರಣೆಗಳು ವಿರಳ.

ಪ್ರಾಧ್ಯಾಪಕರು ಮೇಳದಲ್ಲಿ ವಹಿಸಿಕೊಂಡ ಪಾತ್ರಗಳಲ್ಲಿ ತೀರ್ಪುಗಾರಿಕೆಯೂ ಒಂದು, ಅದರ ಅಪಾಯ ಮೊದಲು ಬಯಲಾದದ್ದು ನೆರೆಯ ಅಯೋವಾದಲ್ಲಿ. ಅಯೋವಾ ಸ್ಟೇಟ್ ಕಾಲೇಜಿನ ಪೆರಿ ಹೋಲ್ಡನ್ 1904ರಿಂದ ರೈಲುಬೋಗಿಗಳಲ್ಲಿ ಬಿತ್ತನೆ ಬೀಜದ ಪಾಠ ಹೊತ್ತು ಊರೂರು ಸುತ್ತಿದವರು. ತೆನೆ ಬುಡದಿಂದ ತುದಿಯವರೆಗೆ ಒಂದೇ ದಪ್ಪವಿರಬೇಕು, ಸಾಲುಗಳು ನೇರವಾಗಿರಬೇಕು, ಕಾಳು ತುದಿಯವರೆಗೂ ತುಂಬಿರಬೇಕು ಎಂದು ಅಂಕಪಟ್ಟಿ ಮಾಡಿ, ಅತಿ ಹೆಚ್ಚು ಅಂಕ ಪಡೆದ ತೆನೆಯನ್ನೇ ಬೀಜಕ್ಕೆ ಇಡಿ ಎಂದು ಬೋಧಿಸಲಾಗುತ್ತಿತ್ತು. ಹೆನ್ರಿ ವಾಲೆಸ್ ಎಂಬ ಹದಿಹರೆಯದ ಹುಡುಗ ಇದನ್ನು ಒಪ್ಪಲಿಲ್ಲ. ಹೋಲ್ಡನ್ ಅಂಕ ಕೊಟ್ಟ ತೆನೆಗಳ ಕಾಳನ್ನು ಬೇರೆಬೇರೆ ಸಾಲುಗಳಲ್ಲಿ ಬಿತ್ತಿ, ಕೊಯ್ದು, ತೂಗಿ ನೋಡಿದಾಗ ತೆನೆಯ ಅಂದಕ್ಕೂ ಇಳುವರಿಗೂ ನಂಟಿಲ್ಲವೆಂದು ತಿಳಿಯಿತು. ಆ ಹುಡುಗ ಮುಂದೆ ಮಿಶ್ರತಳಿ ಬೀಜದ ಕಂಪನಿ ಕಟ್ಟಿದ, ದೇಶದ ಕೃಷಿ ಸಚಿವನಾದ, ಉಪಾಧ್ಯಕ್ಷನೂ ಆದ. ಮೇಳದ ಮೇಜಿನ ಮೇಲೆ ಗೆದ್ದ ತೆನೆ ಹೊಲದಲ್ಲಿ ಸೋತಿತ್ತು, ಅದನ್ನು ಗೆಲ್ಲಿಸಿದ್ದ ಅಂಕಪಟ್ಟಿಯ ಹಿಂದೆ ಕಾಲೇಜಿನ ಮುದ್ರೆಯಿತ್ತು.

1914ರ ಸ್ಮಿತ್-ಲೀವರ್ ಕಾಯ್ದೆಯೊಂದಿಗೆ ಕೃಷಿ ವಿಸ್ತರಣೆ, ಎಂದರೆ ಸಂಶೋಧನೆಯ ತಿಳಿವನ್ನು ರೈತರ ಬಳಿಗೆ ಒಯ್ಯುವ ಕೆಲಸ, ವಿಶ್ವವಿದ್ಯಾಲಯದ ಅಧಿಕೃತ ಹೊಣೆಯಾಯಿತು. ಕೇಂದ್ರ, ರಾಜ್ಯ ಮತ್ತು ಕೌಂಟಿಗಳು ವೆಚ್ಚ ಹಂಚಿಕೊಂಡು, ವಿಶ್ವವಿದ್ಯಾಲಯದ ಸಿಬ್ಬಂದಿಯೊಬ್ಬರು ಕೌಂಟಿಯಲ್ಲೇ ನೆಲೆಸುವ ವ್ಯವಸ್ಥೆ ಬಂತು. ಮೇಳದಲ್ಲಿ ಇದರ ಅತಿ ದೊಡ್ಡ ಮುಖವೆಂದರೆ 4-ಎಚ್ ಎಂಬ ಮಕ್ಕಳ ಕೂಟ. ಮಿನ್ನೆಸೋಟದಲ್ಲಿ ಅದಕ್ಕಾಗಿ 1940ರ ಸುಮಾರಿಗೆ ಎದ್ದ ದೊಡ್ಡ ಕಟ್ಟಡದಲ್ಲಿ ಪ್ರದರ್ಶನಾಂಗಣದ ಜೊತೆಗೆ ಹಳ್ಳಿಗಳಿಂದ ಬಂದ ಮಕ್ಕಳಿಗೆ ಮಲಗುವ ಕೋಣೆಗಳೂ ಇವೆ. 4-ಎಚ್‌ನ ತೀರ್ಪಿನ ರೀತಿ ಮೆಕ್ಕೆಜೋಳದ ಅಂಕಪಟ್ಟಿಗಿಂತ ಹೆಚ್ಚು ವಿವೇಕದ್ದೆಂದು ನನ್ನ ಅಭಿಪ್ರಾಯ. ತೀರ್ಪುಗಾರರು ಮಗುವನ್ನು ಎದುರು ಕೂರಿಸಿಕೊಂಡು, ಈ ಅಂಗಿಯ ಹೊಲಿಗೆ ಇಲ್ಲೇಕೆ ಸುಕ್ಕಾಯಿತು, ಕರುವಿಗೆ ಯಾವ ಮೇವು ಹಾಕಿದೆ, ಮುಂದಿನ ಸಲ ಬೇರೆ ಏನು ಮಾಡುವೆ ಎಂದು ಕೇಳುತ್ತಾರೆ. ನಿಗದಿತ ಮಟ್ಟ ಮುಟ್ಟಿದವರು ಎಷ್ಟೇ ಮಂದಿಯಿದ್ದರೂ ಅವರಿಗೆಲ್ಲ ನೀಲಿ ರಿಬ್ಬನ್ ಸಿಗುತ್ತದೆ, ಅದಕ್ಕಿಂತ ಕೆಳಗಿನ ಮಟ್ಟಕ್ಕೆ ಕೆಂಪು ಮತ್ತು ಬಿಳಿ. ಒಬ್ಬರು ಗೆಲ್ಲಲು ಇನ್ನೊಬ್ಬರು ಸೋಲಲೇಬೇಕೆಂಬ ನಿಯಮ ಅಲ್ಲಿಲ್ಲ.

ಇದೇ ದಶಕಗಳಲ್ಲಿ ಅಂಕಪಟ್ಟಿ ಮನುಷ್ಯರ ಮೇಲೂ ಬಂದು ಕೂತಿತು. 1911ರ ಅಯೋವಾ ಸ್ಟೇಟ್ ಫೇರ್‌ನಲ್ಲಿ ಮೇರಿ ವಾಟ್ಸ್ ಎಂಬ ಮಹಿಳೆ ಶಿಶುಗಳ ಆರೋಗ್ಯ ಸ್ಪರ್ಧೆ ನಡೆಸಿದರು. ದನಗಳಿಗೆ ಇದ್ದಂತೆಯೇ ತೂಕ, ಎತ್ತರ, ತಲೆಯ ಸುತ್ತಳತೆ, ಚುರುಕುತನಗಳಿಗೆ ಅಂಕ ಕೊಟ್ಟು ಪದಕ ಹಂಚಲಾಯಿತು. ಶಿಶುಮರಣ ಹೆಚ್ಚಿದ್ದ ಆ ಕಾಲದಲ್ಲಿ ತಾಯಂದಿರು ಮಗುವನ್ನು ವೈದ್ಯರಿಗೆ ತೋರಿಸುವಂತಾಗಲೆಂಬ ಒಳ್ಳೆಯ ಉದ್ದೇಶವೂ ಇದರಲ್ಲಿತ್ತು, ಹಾಗಾಗಿ ಸ್ಪರ್ಧೆ ಬೇಗನೆ ಬೇರೆ ರಾಜ್ಯಗಳಿಗೆ ಹಬ್ಬಿತು. ಆದರೆ 1920ರಲ್ಲಿ ಕಾನ್ಸಾಸ್‌ನ ಟೊಪೀಕಾ ಮೇಳದಲ್ಲಿ ವಾಟ್ಸ್ ಮತ್ತು ವೈದ್ಯೆ ಫ್ಲಾರೆನ್ಸ್ ಶೆರ್ಬನ್ ಸೇರಿ ಆರಂಭಿಸಿದ 'ಫಿಟ್ಟರ್ ಫ್ಯಾಮಿಲೀಸ್' ಸ್ಪರ್ಧೆಯಲ್ಲಿ ಇಡೀ ಕುಟುಂಬದ ವಂಶಾವಳಿಯೇ ತೀರ್ಪಿಗೆ ಒಳಗಾಯಿತು. ಅತ್ತ ಕೊಟ್ಟಿಗೆಯಲ್ಲಿ ಹಸುಗಳಿಗೆ ಅಂಕ ಕೊಡುತ್ತಿರುವಾಗ ಇತ್ತ ನಾವು ಕುಟುಂಬಗಳಿಗೆ ಅಂಕ ಕೊಡುತ್ತೇವೆ ಎಂಬುದನ್ನು ವಾಟ್ಸ್ ಸಂಕೋಚವಿಲ್ಲದೆ ಹೇಳಿಕೊಂಡಿದ್ದರು. ಶೆರ್ಬನ್ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಶಿಶುಪಾಲನೆಯ ಪ್ರಾಧ್ಯಾಪಕಿಯಾಗಿದ್ದರು. ಯೂಜೆನಿಕ್ಸ್ ಎಂಬ ವಾದ, ಎಂದರೆ ಕೆಲವರ ರಕ್ತ ಉತ್ತಮ, ಕೆಲವರದು ಅಧಮ, ಅಧಮರು ಮಕ್ಕಳನ್ನು ಹೆರಬಾರದು ಎಂಬ ನಂಬಿಕೆ, ಮೇಳದ ಮಳಿಗೆಗಳ ಮೂಲಕ ಸಾಮಾನ್ಯ ಜನರ ಮನೆಮಾತಾಯಿತು. ಅದೇ ವಾದ ಅಮೆರಿಕದ ಹಲವು ರಾಜ್ಯಗಳಲ್ಲಿ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಯ ಕಾನೂನುಗಳಿಗೆ ಆಧಾರವಾಯಿತು, ಮಿನ್ನೆಸೋಟದಲ್ಲೂ 1925ರಲ್ಲಿ ಇಂಥ ಶಸ್ತ್ರಚಿಕಿತ್ಸೆಯ ಕಾನೂನು ಬಂತು.

ಆ ಕಾನೂನಿಗಾಗಿ ಹೋರಾಡಿದ್ದ ಚಾರ್ಲ್ಸ್ ಡೈಟ್ ಎಂಬ ವೈದ್ಯ 1933ರಲ್ಲಿ ಹಿಟ್ಲರನಿಗೆ ಮೆಚ್ಚುಗೆಯ ಪತ್ರ ಬರೆದವನು. ಆತನ ಆಸ್ತಿ ಉಯಿಲಿನ ಮೂಲಕ ಮಿನ್ನೆಸೋಟ ವಿಶ್ವವಿದ್ಯಾಲಯಕ್ಕೆ ಸೇರಿ, 1941ರಲ್ಲಿ ಅವನ ಹೆಸರಿನಲ್ಲೇ ಮಾನವ ತಳಿವಿಜ್ಞಾನದ ಸಂಸ್ಥೆಯೊಂದು ಆರಂಭವಾಯಿತು. ಅದರ ಮುಖ್ಯಸ್ಥರಾಗಿದ್ದ ಶೆಲ್ಡನ್ ರೀಡ್ 1947ರಲ್ಲಿ 'ಜೆನೆಟಿಕ್ ಕೌನ್ಸೆಲಿಂಗ್' ಎಂಬ ಪದವನ್ನು ಬಳಕೆಗೆ ತಂದರು. ಕುಟುಂಬಕ್ಕೆ ಮಾಹಿತಿ ಕೊಡುವುದಷ್ಟೇ ತಜ್ಞರ ಕೆಲಸ, ನಿರ್ಧಾರ ಕುಟುಂಬದ್ದು ಎಂಬ ಇಂದಿನ ಧೋರಣೆ ರೂಪುಗೊಂಡದ್ದರಲ್ಲಿ ಆ ಪದಕ್ಕೂ ಪಾಲಿದೆ.

ಕರ್ನಾಟಕದ ನಂಟು ಬರುವುದು ಇದರ ನಂತರದ ಅಧ್ಯಾಯದಲ್ಲಿ. ಸ್ವಾತಂತ್ರ್ಯಾನಂತರ ಭಾರತವು ಅಮೆರಿಕದ ಈ ಭೂ ಅನುದಾನ ವಿಶ್ವವಿದ್ಯಾಲಯಗಳ ಮಾದರಿಯಲ್ಲಿ ಕೃಷಿ ವಿಶ್ವವಿದ್ಯಾಲಯಗಳನ್ನು ಕಟ್ಟಿತು. ಪಂತನಗರಕ್ಕೆ ಇಲಿನಾಯ್, ಲೂಧಿಯಾನಕ್ಕೆ ಒಹಾಯೋ ಸ್ಟೇಟ್ ನೆರವಾದಂತೆ, 1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಟೆನೆಸ್ಸಿ ವಿಶ್ವವಿದ್ಯಾಲಯದ ಸಹಯೋಗವಿತ್ತು. ಬೋಧನೆ, ಸಂಶೋಧನೆ, ವಿಸ್ತರಣೆ ಎಂಬ ಮೂರೂ ಒಂದೇ ಸೂರಿನಡಿ ಇರಬೇಕೆಂಬ ತತ್ವ ಅಲ್ಲಿಂದಲೇ ಬಂತು. ಆದರೆ ಇಲ್ಲಿ ಒಂದು ಮುಖ್ಯ ವ್ಯತ್ಯಾಸ ಉಳಿಯಿತು. ಅಮೆರಿಕದಲ್ಲಿ ಕೌಂಟಿಯ ವಿಸ್ತರಣಾ ಸಿಬ್ಬಂದಿ ವಿಶ್ವವಿದ್ಯಾಲಯಕ್ಕೆ ಸೇರಿದವರು. ನಮ್ಮಲ್ಲಿ ರೈತ ಸಂಪರ್ಕ ಕೇಂದ್ರ ಕೃಷಿ ಇಲಾಖೆಗೆ ಸೇರಿದ್ದು. ಹೀಗಾಗಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯಲ್ಲಿ ನವೆಂಬರಿನ ಸುಮಾರಿಗೆ, ಧಾರವಾಡದಲ್ಲಿ ಹಿಂಗಾರಿಗೆ ಮುಂಚೆ ಸೆಪ್ಟೆಂಬರಿನ ಸುಮಾರಿಗೆ ನಡೆಯುವ ಕೃಷಿ ಮೇಳಗಳು, ವಿಶ್ವವಿದ್ಯಾಲಯ ಇಲಾಖೆಯನ್ನು ದಾಟಿ ನೇರವಾಗಿ ರೈತರ ಕೈಹಿಡಿಯುವ ಅಪರೂಪದ ದಿನಗಳಾಗಿವೆ. ಅಮೆರಿಕದಲ್ಲಿ ವಿಶ್ವವಿದ್ಯಾಲಯ ಮೇಳಕ್ಕೆ ಹೋಗಿ ಮಳಿಗೆ ಹಾಕುತ್ತದೆ, ನಮ್ಮಲ್ಲಿ ವಿಶ್ವವಿದ್ಯಾಲಯದ ಆವರಣವೇ ಮೇಳವಾಗುತ್ತದೆ. ತಾಕುಗಳಲ್ಲಿ ನಿಂತ ಬೆಳೆಯನ್ನೇ ರೈತರು ಕಣ್ಣಾರೆ ನೋಡಿ, ಅಲ್ಲೇ ಬೀಜದ ಮಳಿಗೆಯ ಮುಂದೆ ಸಾಲು ನಿಲ್ಲುತ್ತಾರೆ. ತೆನೆಯ ಅಂದಕ್ಕೆ ಅಂಕ ಕೊಟ್ಟ ಹೋಲ್ಡನ್ ಪದ್ಧತಿಗಿಂತ ಇದು ವಾಲೆಸ್‌ನ ಸಾಲು ಬಿತ್ತನೆಗೆ ಹತ್ತಿರ.

ಮಿನ್ನೆಸೋಟಕ್ಕೆ ಮರಳುವುದಾದರೆ, ಯುದ್ಧಾನಂತರದ ದಶಕಗಳಲ್ಲಿ ಒಕ್ಕಲುತನದಿಂದ ಹೊರಬಂದ ಜನರೇ ಮೇಳದಲ್ಲಿ ಹೆಚ್ಚಾದರು. 2019ರಲ್ಲಿ ಹನ್ನೆರಡು ದಿನಗಳ ಮೇಳಕ್ಕೆ 21 ಲಕ್ಷಕ್ಕೂ ಹೆಚ್ಚು ಜನ ಬಂದರು, ಅವರಲ್ಲಿ ಬಹುಪಾಲು ನಗರದವರು. ವಿಶ್ವವಿದ್ಯಾಲಯದ ಪ್ರದರ್ಶನಗಳೂ ಅದಕ್ಕೆ ತಕ್ಕಂತೆ ಬದಲಾದವು. ಪಶುವೈದ್ಯ ಕಾಲೇಜಿನ ನೆರವಿನಿಂದ ನಡೆಯುವ 'ಮಿರಾಕಲ್ ಆಫ್ ಬರ್ತ್' ಕೇಂದ್ರದಲ್ಲಿ ಹಸು, ಕುರಿ, ಹಂದಿಗಳು ಜನರ ಕಣ್ಣೆದುರೇ ಈಯುತ್ತವೆ. ಗಬ್ಬದ ಹಸುವನ್ನು ಹತ್ತಿರದಿಂದ ನೋಡಿಯೇ ಇರದ ಮಕ್ಕಳು ತಾಸುಗಟ್ಟಲೆ ಕಾದು, ಕರುವಿನ ಮುಂಗಾಲು ಮೊದಲು ಹೊರಬಂದು ಅದರ ಮೇಲೆ ಮೂತಿ ಕಾಣಿಸುವುದನ್ನು ನೋಡುತ್ತಾರೆ. ಪಕ್ಕದಲ್ಲಿ ನಿಂತ ಪಶುವೈದ್ಯ ವಿದ್ಯಾರ್ಥಿ ಧ್ವನಿವರ್ಧಕದಲ್ಲಿ ಪ್ರತಿ ಹಂತವನ್ನೂ ವಿವರಿಸುತ್ತಾರೆ. ಇದು ರೈತರಿಗೆ ಬೇಸಾಯ ಕಲಿಸುವ ಪ್ರದರ್ಶನವಲ್ಲ, ಹಾಲು ಕುಡಿಯುವವರಿಗೆ ಹಾಲಿನ ಮೂಲ ತೋರಿಸುವಂಥದ್ದು.

ಇಂಥ ಮೇಳದಲ್ಲಿ 2010ರ ಸುಮಾರಿಗೆ ವಿಶ್ವವಿದ್ಯಾಲಯದ ಸಂಶೋಧಕರು ಮಕ್ಕಳ ಬೆಳವಣಿಗೆ ಮತ್ತು ತಳಿಗುಣಗಳ ಬಗ್ಗೆ 'ಗೋಫರ್ ಕಿಡ್ಸ್' ಎಂಬ ಅಧ್ಯಯನ ನಡೆಸಿದರು. ತೂಕ, ಎತ್ತರ, ಜೊಲ್ಲಿನ ಮಾದರಿ ಎಂಬ ಪಟ್ಟಿಯನ್ನು ನೋಡಿದರೆ ನೂರು ವರ್ಷದ ಹಿಂದಿನ ಶಿಶುಸ್ಪರ್ಧೆಯ ನೆನಪಾಗದಿರದು. ಆದರೆ ಇಲ್ಲಿ ಯಾರಿಗೂ ಅಂಕವಿಲ್ಲ, ಪದಕವಿಲ್ಲ. ಹೆತ್ತವರ ಲಿಖಿತ ಒಪ್ಪಿಗೆಯಿಲ್ಲದೆ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಸಾಂಕ್ರಾಮಿಕ ರೋಗಶಾಸ್ತ್ರದ ಲೋಗನ್ ಸ್ಪೆಕ್ಟರ್ ಮತ್ತು ಎಲೆನ್ ಡೆಮೆರಾತ್ ಆ ಅನುಭವದ ಮೇಲೆ ಕಟ್ಟಿದ್ದೇ ಇಂದಿನ ಸಂಶೋಧನಾ ಕಟ್ಟಡ. ಮಾನವ ಸಂಶೋಧನೆಯ ನೈತಿಕ ಸಮಿತಿಯ ಅನುಮತಿ ಪಡೆದ ತಂಡಗಳು ಅಲ್ಲಿ ಮೇಜುಗಳನ್ನು ಹಂಚಿಕೊಳ್ಳುತ್ತವೆ. ಆಸ್ಪತ್ರೆಗೆ ಬರುವ ರೋಗಿಗಳಲ್ಲೋ ಕಾಲೇಜಿನ ವಿದ್ಯಾರ್ಥಿಗಳಲ್ಲೋ ಮಾತ್ರ ನಡೆಯುತ್ತಿದ್ದ ಅಧ್ಯಯನಗಳಿಗೆ, ರಾಜ್ಯದ ಮೂಲೆಮೂಲೆಯಿಂದ ಬಂದ ಎಲ್ಲ ವಯಸ್ಸಿನವರೂ ಕೆಲವೇ ದಿನಗಳಲ್ಲಿ ಸಿಗುತ್ತಾರೆ.

ಆಕ್ಷೇಪಗಳಿಗೂ ಎಡೆಯಿದೆ. ಟಿಕೆಟ್ಟಿಗೆ ಹಣ ಕೊಟ್ಟು, ರಜೆ ಹಾಕಿ ಮೇಳಕ್ಕೆ ಬರಬಲ್ಲವರು ರಾಜ್ಯದ ಎಲ್ಲ ಜನರನ್ನು ಪ್ರತಿನಿಧಿಸುವುದಿಲ್ಲ. ಅವರಲ್ಲೂ ಸಂಶೋಧಕರ ಮೇಜಿನ ಬಳಿ ನಿಲ್ಲುವವರು ವಿಜ್ಞಾನದ ಮೇಲೆ ಮೊದಲೇ ಒಲವಿರುವವರಾಗಿರುವ ಸಂಭವ ಹೆಚ್ಚು. ಬಿಸಿಲಲ್ಲಿ ನಡೆದು ದಣಿದ, ಹೊಟ್ಟೆ ತುಂಬ ಕರಿದ ತಿಂಡಿ ತಿಂದ ದೇಹದ ರಕ್ತದೊತ್ತಡವನ್ನು ಸಾಮಾನ್ಯ ದಿನದ ರಕ್ತದೊತ್ತಡವೆಂದು ತಿಳಿಯುವಂತಿಲ್ಲ. ಹಾಗಾಗಿ ಅಲ್ಲಿ ಹೆಚ್ಚಾಗಿ ನಡೆಯುವುದು ಒಂದೇ ಭೇಟಿಯಲ್ಲಿ ಮುಗಿಯುವ, ಹೆಚ್ಚು ಹೊತ್ತು ಹಿಡಿಯದ ಅಧ್ಯಯನಗಳು. ಅವುಗಳಲ್ಲೂ ಯಾವ ಪ್ರಶ್ನೆ ಕೇಳಬೇಕೆಂಬುದನ್ನು ಇಂದಿಗೂ ವಿಶ್ವವಿದ್ಯಾಲಯದವರೇ ನಿರ್ಧರಿಸುತ್ತಾರೆ. ಒಪ್ಪಿಗೆ ಪತ್ರ ಓದಿ ಸಹಿ ಹಾಕುವುದು, ಇಲ್ಲವೇ ಎದ್ದು ಹೋಗುವುದು ಮೇಳಕ್ಕೆ ಬಂದವರ ಹಕ್ಕು.